ನೆಲಮಹಡಿಯ ತೂತು

“ನಮ್ಮ ಟಾಯ್ಲೆಟ್ಟಾ? ಏನಮ್ಮಾ, ತಲೆ ಸರಿ ಇದೆ ತಾನೆ ನಿಂಗೆ?”

ನೆಲಮಹಡಿಯ ಶ್ರೀವತ್ಸ ಬಾಗಿಲಿಗೆ ಅಡ್ಡಲಾಗಿ ನಿಂತಿದ್ದರು. ದೆಹಲಿಯ ವಸಂತ್ ಕುಂಜ್‌ನ ಈ ಫ್ಲ್ಯಾಟುಗಳ ಸಂಘಕ್ಕೆ ಅವರೇ ಕಾರ್ಯದರ್ಶಿ. ಬೆಳಿಗ್ಗೆ, ಚರಂಡಿ ಪೈಪಿನ ಕೆಲಸಕ್ಕೆ ಬಂದ ನಮ್ಮ ಮಾತು ಕಿವಿಗೆ ಬಿದ್ದಾಗ “ಅಯ್ಯೋ, ಕನ್ನಡದವರಾ!” ಎಂದು ಅರಳಿದ್ದರು. ಯಾವ ಊರು ಎಂದರು. ರಾಯಚೂರು ಕಡೆ ಎಂದೆವು. ಯಾವ ಪೈಕಿ ಎಂದರು. ನಮ್ಮ ಜೊತೆಯ ಹುಲಿಗೆಮ್ಮ ಅಂಜದೆ ಹೇಳಿದಳು. ಗಾಜಿನ ಲೋಟಗಳು ಒಳಗೆ ಹೋದವು, ಚಹಾ ಕಾಗದದ ಲೋಟದಲ್ಲಿ ಬಂತು.

“ಹೊಟ್ಟಿ ಒಡಿಯಂಗ ಆಗೇದ್ರೀ ಸರ. ಮಾರ್ಕೆಟ್ಟಿಂದಕ್ಕ ಬೀಗ ಹಾಕ್ಯಾರ.”

“ಆ ಗೋಡೆ ಹಿಂದೆ ಹೋಗು. ಗಟರ್ ಕೆಲಸದವರಿಗೆ ಎಂಥಾ ನಾಚಿಕೆ? ಚಲೋ, ಚಲೋ.”

ಕಾರ್ಯದರ್ಶಿಯೇ ಬೇಡವೆಂದ ಮೇಲೆ ಉಳಿದ ಬಾಗಿಲುಗಳೂ ಬೇಡವೆಂದವು.

“ಇವನ ಹೆಣ ಎತ್ಲಿ,” ಎನ್ನುತ್ತ ಹುಲಿಗೆಮ್ಮ ಮ್ಯಾನ್‌ಹೋಲಿನ ಬಳಿಗೆ ಬಂದಳು. ಅದರ ಬಾಯಿಗೆ ಅವಳು ದಿನಾ ಊದಿನಕಡ್ಡಿ ಹಚ್ಚುತ್ತಾಳೆ. ಅವಳ ಗಂಡ ಇಂಥದೇ ಬಾಯೊಳಗೆ ಇಳಿದವನು ಮೇಲೆ ಬರಲಿಲ್ಲ. ಹಳೆಯ ಪೈಪಿಗೆ ಒಳಪದರ ಕೂರಿಸುವ ಈ ಕೆಲಸದಲ್ಲಿ ಯಾರೂ ಇಳಿಯಬೇಕಿಲ್ಲ. ಅಂಟು ಕುಡಿಸಿದ ಉದ್ದನೆಯ ಬಟ್ಟೆಯ ಕೊಳವೆಯನ್ನು ಹಳೆಯ ಪೈಪಿನೊಳಗೆ ಕಾಲುಚೀಲ ತಿರುವಿದ ಹಾಗೆ ತಿರುವಿ ತಳ್ಳುತ್ತೇವೆ, ಹಬೆ ಕೊಡುತ್ತೇವೆ. ಇಡ್ಲಿಯಂತೆ ಬೇಯುತ್ತದೆ, ಕಲ್ಲಿನಂತೆ ಗಟ್ಟಿಯಾಗುತ್ತದೆ. ತೊಂದರೆ ಒಂದೇ. ಮನೆಗಳಿಂದ ಬಂದು ಸೇರುವ ಬಾಯಿಗಳನ್ನೂ ಅದು ಮುಚ್ಚಿಬಿಡುತ್ತದೆ. ಆಮೇಲೆ ನಮ್ಮ ಯಂತ್ರದ ಮಹಂತೇಶ ಮೇಲೆ ಕೂತು, ಪೈಪಿನೊಳಗಿನ ಕ್ಯಾಮೆರಾ ತೋರಿಸುವುದನ್ನು ಟೀವಿಯಲ್ಲಿ ನೋಡುತ್ತ, ಕೊರೆಯುವ ಯಂತ್ರವನ್ನು ಒಳಗೆ ಓಡಿಸಿ ಒಂದೊಂದೇ ತೂತು ತೆಗೆಯಬೇಕು. ಅಲ್ಲಿಯತನಕ ನೀರು ಬಿಡಬೇಡಿ ಎಂದು ಮನೆಮನೆಗೆ ಹೇಳಿದ್ದೆವು.

ಮೇಲಿನ ಮಹಡಿಗಳವರು ಕೇಳಬೇಕಲ್ಲ!

ಮಧ್ಯಾಹ್ನ ಶ್ರೀವತ್ಸ ಪೈಜಾಮವನ್ನು ಮೊಣಕಾಲಿಗೆ ಎತ್ತಿಕೊಂಡು ಓಡಿ ಬಂದರು.

“ಮಹಂತೇಶ್! ಬಚ್ಚಲಲ್ಲಿ ಉಕ್ತಾ ಇದೆ ಮಾರಾಯಾ! ಮೇಲಿನವರದ್ದೆಲ್ಲ ನಮ್ಮನೆಗೇ! ಪಕ್ಕದಲ್ಲೇ ದೇವರ ಕೋಣೆ ಕಣೋ!”

“ಶಿವನೇ,” ಎಂದ ಮಹಂತೇಶ, ಟೀವಿಯಿಂದ ಕಣ್ಣು ತೆಗೆಯದೆ. “ನಿಮ್ಮ ತೂತು ಒಂದ ಉಳದೈತ್ರೀ. ತೆಗದ ಮ್ಯಾಲ ಒಳಗಿಂದ ಅರಿಶಿಣ ನೀರು ಬಿಡಬೇಕು. ಹಳದಿ ಇಲ್ಲಿ ಕಂಡ್ರ ದಾರಿ ಸಾಫ್ ಅಂತ ಲೆಕ್ಕ.”

ಬೇರೆ ಮನೆಗಳಲ್ಲಿ ಅರಿಶಿಣವನ್ನು ಮನೆಯವರೇ ಸುರಿದಿದ್ದರು. ಶ್ರೀವತ್ಸ ಕೈ ಚಾಚಿದರು. “ಅಚ್ಛಾ, ಕೊಡು. ನಾನೇ ಹಾಕ್ತೀನಿ.”

ಹುಲಿಗೆಮ್ಮ ಪೊಟ್ಟಣವನ್ನು ಸೆರಗಿಗೆ ಗಂಟು ಹಾಕಿದಳು. ಮಹಂತೇಶನ ಪಕ್ಕ ಯಂತ್ರದ ಖಾಲಿ ಪೆಟ್ಟಿಗೆಯ ಮೇಲೆ ಕೂತಳು.

“ಈ ಮನ್ಯಾಗ ನಾನ ಹಾಕಾಕಿ. ಬಾಗಿಲು ತಗೀರಿ, ತೂತು ತಗೀತೀವಿ.”

“ಕಂಟ್ರಾಕ್ಟರ್‌ಗೆ ಫೋನ್ ಮಾಡ್ತೀನಿ! ಎಲ್ಲರ ಕೆಲಸ ಹೋಗತ್ತೆ, ನೋಡ್ತಾ ಇರಿ!”

ನಾವು ಮಹಂತೇಶನ ಮುಖ ನೋಡಿದೆವು. ಅವನು ಯಂತ್ರ ಓಡಿಸುವ ಗುಂಡಿಯಿಂದ ಕೈ ತೆಗೆದು ಕಟ್ಟಿಕೊಂಡ.

“ಮಾಡ್ರೀ. ಅವ ಗ್ರೇಟರ್ ನೋಯ್ಡಾದಾಗ ಅದಾನ. ಬರೂದರಾಗ ನಿಮ್ಮ ದೇವ್ರು ಈಜು ಕಲ್ತಿರ್ತಾನ.”

ಮನೆಯೊಳಗಿಂದ ಗುಳುಗುಳು ಸದ್ದು ಕೇಳಿತು. ಶ್ರೀವತ್ಸ ಬಾಗಿಲು ಬಿಟ್ಟು ಸರಿದರು.

“ಬೂಟು... ಬೂಟು ಬಿಚ್ಚಮ್ಮಾ, ಮೈಲಿಗೆ...”

ಹುಲಿಗೆಮ್ಮ ನೆಲ ನೋಡಿದಳು. ಬಚ್ಚಲಿನ ಹೊಲಸು ಹಜಾರಕ್ಕೆ ಬಂದಿತ್ತು.

“ಯಾರದ್ರೀ ಸರ ಇದು?” ಎಂದು ಕೇಳಿ, ಗಂಬೂಟಿನಲ್ಲೇ ನಡೆದು ಹೋದಳು.

ಮಹಂತೇಶ ಕೊರೆದ. ಕಟ್ಟಿದ್ದೆಲ್ಲ ದಡದಡ ಇಳಿಯಿತು. ಒಳಗೆ ಟಾಯ್ಲೆಟ್ಟಿನ ಚಿಲಕ ಬಿದ್ದ ಸದ್ದಾಯಿತು.

ಬಹಳ ಹೊತ್ತಾದರೂ ಟೀವಿಯಲ್ಲಿ ಹಳದಿ ಕಾಣಲಿಲ್ಲ. ಶ್ರೀವತ್ಸ ಬಾಗಿಲು ತಟ್ಟಿದರು. “ಆಯ್ತೇನಮ್ಮಾ?”

“ತಡೀರಿ ಸರ. ಮುಂಜಾನಿ ನೀವ ಕುಡಿಸಿದ ಚಾ.”

ಕೊನೆಗೆ ಟೀವಿಯಲ್ಲಿ, ಹೊಸ ತೂತಿನಿಂದ ಹಳದಿ ನೀರು ಇಳಿಯಿತು. ಮಹಂತೇಶ ಹೆಲ್ಮೆಟ್ ತೆಗೆದು ಪರದೆಗೆ ಕೈ ಮುಗಿದ.

ಚಿಲಕ ಮಾತ್ರ ತೆರೆಯಲಿಲ್ಲ. ನಲ್ಲಿ ತಿರುಗಿತು, ಚೊಂಬಿನಿಂದ ಮೈಮೇಲೆ ನೀರು ಸುರಿದುಕೊಂಡ ಸದ್ದಾಯಿತು. ಶ್ರೀವತ್ಸ ಮತ್ತೆ ತಟ್ಟಿದರು, ಗುದ್ದಿದರು. ನಾವು ಪರದೆಯ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡಿದೆವು. ಹಳದಿಯ ಹಿಂದೆಯೇ ಸೋಪಿನ ಬಿಳಿ ನೊರೆ, ಬುಗ್ಗೆ ಬುಗ್ಗೆಯಾಗಿ, ಬರುತ್ತಲೇ ಇತ್ತು.