ಮೊಣಕಾಲ ಮೇಲಿನ ಗಂಟು

ತಣ್ಣಗಿದೆ, ಅಬ್ಬಾ, ಸ್ಕ್ಯಾನಿಗೆಂದು ಕಾಲಿಗೆ ಬಳಿದ ಈ ಲೋಳೆ ಎಷ್ಟು ತಣ್ಣಗಿದೆ, ನರ್ಸಮ್ಮ ಒಂದು ಮಾತು ಹೇಳಿ ಹಚ್ಚಬಾರದಿತ್ತೇ, ಅವಳು ಮಂಚದ ಮೇಲೆ ಬೆಚ್ಚಿ ಮತ್ತೆ ತಲೆ ಒರಗಿಸಿದಳು, ಮೇಲೆ ಟ್ಯೂಬ್‌ಲೈಟು, ಅದರ ಒಂದು ತುದಿ ಕಪ್ಪಾಗಿದೆ, ಇನ್ನೊಂದು ತಿಂಗಳು ಬಂದರೆ ಹೆಚ್ಚು, ಅಂಗಡಿಯದ್ದಕ್ಕೂ ಹೀಗೇ ಆಗಿತ್ತು, ಅಕ್ಕ ಬದಲಾಯಿಸದೆ ಆರು ತಿಂಗಳು ತಳ್ಳಿದಳು, ಉರಿಯೋಷ್ಟು ದಿನ ಉರೀಲಿ ಬಿಡೇ ಗುಂಡಿ, ಅದೇನು ನಿನ್ನ ಹತ್ರ ಊಟ ಕೇಳುತ್ತಾ — ಗುಂಡಿ ಅಂದರೆ ಇವಳೇ, ಹದಿನೇಳಕ್ಕೆ ಅಕ್ಕನ ಹೊಲಿಗೆ ಅಂಗಡಿಗೆ ಗುಂಡಿ ಹಾಕಲು ಬಂದು ಸೇರಿದವಳು, ಈಗ ನಲವತ್ತಾರು, ಹಾಗೆ ಕರೆಯುವವಳು ಹೋಗಿ ನಾಲ್ಕು ವರ್ಷವಾಯಿತು, ಆ ಹೆಸರೂ ಅವಳ ಜೊತೆಗೇ ಹೋಯಿತು. ಕೇಳಬೇಕು. ಇವತ್ತು ಕೇಳಿಯೇ ಬಿಡಬೇಕು, ಡಾಕ್ಟರಮ್ಮ, ಈ ನರ ಒಡೆದು ರಕ್ತ ಬಂದರೆ ಮೇಲೆ ಬಿಗಿಯಾಗಿ ಕಟ್ಟುವುದು ಸರಿ ತಾನೇ, ಅಷ್ಟೇ, ಒಂದೇ ಮಾತು, ಸರಿ ಅಂತ ಅವರ ಬಾಯಲ್ಲಿ ಬಂದುಬಿಟ್ಟರೆ ಸಾಕು, ನಾಲ್ಕು ವರ್ಷದ ನಿದ್ದೆಯನ್ನು ಒಟ್ಟಿಗೆ ಮಾಡಿಬಿಡಬಹುದು. ಕಾಲಿನ ನೋವಿಗಾದರೆ ಅವಳು ಇಲ್ಲಿಗೆ ಬರುತ್ತಲೇ ಇರಲಿಲ್ಲ.

ಡಾಕ್ಟರಮ್ಮ ಪೆನ್ನಿನಲ್ಲಿ ಅವಳ ಕಾಲ ಮೇಲೆ ಗೆರೆ ಎಳೆದಿದ್ದಾರೆ, ತೊಡೆಯಿಂದ ಪಾದದ ಗಂಟಿನವರೆಗೆ, ಸೊಟ್ಟ ಗೆರೆ, ಇಂಥ ಗೆರೆ ನೋಡಿ ಬಟ್ಟೆ ಕತ್ತರಿಸಿದ್ದರೆ ಅಕ್ಕ ಕತ್ತರಿ ಕಿತ್ತುಕೊಂಡು ಆಚೆ ಕಳಿಸುತ್ತಿದ್ದಳು, ಆದರೆ ನರವೇ ಸೊಟ್ಟಗಿರುವಾಗ ಅವರಾದರೂ ಏನು ಮಾಡಿಯಾರು, ಮೂವತ್ತು ವರ್ಷ ಕತ್ತರಿಸುವ ಮೇಜಿನ ಮುಂದೆ ನಿಂತವಳು ಅಕ್ಕ, ಇವಳದ್ದು ಮಷಿನ್ ಮುಂದೆ ಕೂತು ಮಾಡುವ ಕೆಲಸ, ಅಕ್ಕ ಹೋದ ಮೇಲೆ ಮೇಜಿನ ಮುಂದೆ ಯಾರು ನಿಲ್ಲಬೇಕು, ಇವಳೇ ನಿಂತಳು, ನಿಂತು ನಾಲ್ಕು ವರ್ಷಕ್ಕೆ ಕಾಲು ಅಕ್ಕನ ಕಾಲೇ ಆಗಿಹೋಯಿತು, ಹುರಿ ಹುರಿಯಾಗಿ ಉಬ್ಬಿದ ಅದೇ ನೀಲಿ ನರ, ಮಂಡಿಯ ಹಿಂದೆ ಜೇಡರ ಬಲೆಯಂಥ ಅವೇ ಕೆಂಪು ಗೆರೆಗಳು. ಮನೆತನದಲ್ಲೇ ಇರುತ್ತಮ್ಮ, ಜೊತೆಗೆ ನಿಲ್ಲೋ ಕೆಲಸ ಬೇರೆ, ಅಂದಿದ್ದರು ಡಾಕ್ಟರಮ್ಮ ಹೋದ ವಾರ, ದೊಡ್ಡ ನರಕ್ಕೆ ಲೇಸರ್ ಮಾಡ್ತೀನಿ, ಸೂಜಿ ತೂರೋಷ್ಟೇ ತೂತು, ಒಳಗೆ ತೆಳು ತಂತಿ ಬಿಟ್ಟು ಕಾಯಿಸಿದರೆ ನರ ಮುಚ್ಚಿಕೊಳ್ಳುತ್ತೆ, ರಕ್ತ ಬೇರೆ ನರದಲ್ಲಿ ಹೋಗುತ್ತೆ, ಪಕ್ಕದವಕ್ಕೆ ನೊರೆ ಥರದ ಇಂಜೆಕ್ಷನ್, ಸಣ್ಣ ಗೆರೆಗಳಿಗೆ ಆಮೇಲೆ ನೋಡೋಣ, ಅಂಟು ಹಾಕಿ ಮುಚ್ಚೋದೂ ಇದೆ, ನಿಮಗೆ ಬೇಡ, ಒಂದು ಗಂಟೆ ಕೆಲಸ, ನಡ್ಕೊಂಡೇ ಮನೆಗೆ ಹೋಗಬಹುದು. ನಡ್ಕೊಂಡೇ! ಅಯ್ಯೋ ಅಕ್ಕಾ, ಕೇಳಿಸಿಕೊಂಡೆಯಾ, ನೀನು ಸೋದರತ್ತೆಯ ಆಪರೇಷನ್ ನೋಡಿ ಹೆದರಿ ಕೂತೆ, ಅತ್ತೆಯ ಕಾಲನ್ನು ತೊಡೆಯಿಂದ ಕೆಳಗಿನವರೆಗೆ ಅಲ್ಲಲ್ಲಿ ಕೊಯ್ದು ನರ ಎಳೆದು ತೆಗೆದಿದ್ದರು, ಒಂದು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ ಅವರು, ಒಂದು ತಿಂಗಳು ಅಂಗಡಿ ಬಾಗಿಲು ಹಾಕಿದ್ರೆ ಗಿರಾಕಿಗಳು ಎದುರು ಅಂಗಡಿಗೆ ಹೋಗಿ ಅಳತೆ ಕೊಡ್ತಾರೆ ಕಣೇ, ಆಮೇಲೆ ನೀನೂ ನಾನೂ ನೊಣ ಹೊಡೀತಾ ಕೂರೋದು, ಅಂದವಳು ಲಂಗವನ್ನು ಇನ್ನೆರಡು ಇಂಚು ಉದ್ದ ಹೊಲಿದುಕೊಂಡು ಕಾಲು ಮುಚ್ಚಿದಳು, ತಮಾಷೆ ಬೇರೆ, ನನ್ನ ಕಾಲಲ್ಲಿ ಊರಿನ ರಸ್ತೆಗಳೆಲ್ಲ ಇವೆ, ದಾರಿ ತಪ್ಪಿದ್ರೆ ಬಂದು ನೋಡ್ಕೋ, ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು, ಹಾಳಾದ ನಗು.

ಸೂಜಿ ಚುಚ್ಚಿತು, ಒಂದು, ಎರಡು, ಮರಗಟ್ಟಿಸೋ ನೀರು ಅಮ್ಮ, ನಾಲ್ಕೈದು ಸಲ ಚುರ್ ಅನ್ನುತ್ತೆ, ಉಸಿರು ಬಿಡಿ — ಬಿಟ್ಟಳು, ಹೊರಗೆ ಬೆಂಚಿನ ಮೇಲೆ ಭಾವ ಕೂತಿದ್ದಾರೆ, ಅಕ್ಕನ ಗಂಡ, ಮಡಿಲಲ್ಲಿ ಉದ್ದ ಕಾಲುಚೀಲದ ಪೊಟ್ಟಣ, ಇದಾದ ಮೇಲೆ ಹಾಕಿಕೊಳ್ಳಬೇಕಾದ ಬಿಗಿ ಕಾಲುಚೀಲ, ಸೈಜು ಸರಿಯಿದೆಯೋ ಇಲ್ಲವೋ ಅಂತ ಬೆಳಿಗ್ಗೆಯಿಂದ ಮೂರು ಸಲ ಬಿಚ್ಚಿ ನೋಡಿದ್ದಾರೆ, ಅವರು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು, ಒಂದು ದಿನ, ಒಂದೇ ದಿನ ಬೈದಿದ್ದರೆ, ಆದರೆ ಭಾವ ನಾಲ್ಕು ವರ್ಷದಿಂದ ಬಂದವರಿಗೆಲ್ಲ ಹೇಳುವುದು ಒಂದೇ, ಕೈಲಾದದ್ದೆಲ್ಲ ಮಾಡಿದಳು ನನ್ನ ನಾದಿನಿ, ಹತ್ತಿರದಲ್ಲಿ ಅವಳಿದ್ದಳು ಅನ್ನೋದೇ ನನಗೆ ಸಮಾಧಾನ. ಅವತ್ತು ಮಟಮಟ ಮಧ್ಯಾಹ್ನ, ಇಸ್ತ್ರಿಯವನು ಊಟಕ್ಕೆ ಹೋಗಿದ್ದ, ಶಾಲೆಯ ಅರವತ್ತು ಲಂಗಗಳ ಆರ್ಡರು, ಅಕ್ಕ ಎಂಟು ಪದರ ಬಟ್ಟೆ ಹಾಸಿ ಕತ್ತರಿಸುತ್ತಿದ್ದಳು, ಪಾದದ ಗಂಟಿನ ಹತ್ತಿರ ಒಂದು ಕಡೆ ಚರ್ಮ ತೆಳುವಾಗಿ ಕಪ್ಪಗಾಗಿತ್ತು, ಅದು ಮೇಜಿನ ಕಾಲಿಗೆ ತಾಗಿತಂತೆ, ತಾಗಿದ್ದೂ ಅವಳಿಗೆ ಗೊತ್ತಾಗಲಿಲ್ಲ, ಚಪ್ಪಲಿ ಯಾಕೋ ಒದ್ದೆ ಆದಂಗಿದೆ ನೋಡೇ, ಅಂದಳು, ಇವಳು ಬಗ್ಗಿ ನೋಡಿದರೆ ರಕ್ತ, ಚಿಲ್ಲೆಂದು ಹೊರಗೆ ಹಾರುತ್ತಿದೆ, ಅಯ್ಯಯ್ಯೋ ಅಂತ ಇವಳು ಕೂಗಿದರೆ ಅಕ್ಕ, ಮೊದಲು ಬಟ್ಟೆ ಎತ್ತಿಡೇ, ಕಲೆ ಆದ್ರೆ ಶಾಲೆಯವರು ತಗೊಳಲ್ಲ! ಇವಳು ಬಟ್ಟೆಯನ್ನು ಎತ್ತಿಟ್ಟಳು, ಹೌದು, ಮೊದಲು ಬಟ್ಟೆಯನ್ನೇ ಎತ್ತಿಟ್ಟಳು, ಆಮೇಲೆ ಅಕ್ಕನನ್ನು ಕುರ್ಚಿಯಲ್ಲಿ ಕೂರಿಸಿದಳು, ಪ್ಯಾಂಟಿನ ಸೊಂಟದೊಳಗೆ ಇಡುವ ಕ್ಯಾನ್ವಾಸ್ ಪಟ್ಟಿ ಕೈಗೆ ಸಿಕ್ಕಿತು, ಹಿಗ್ಗದ ಪಟ್ಟಿ, ಅದನ್ನು ಮೊಣಕಾಲ ಮೇಲೆ ಸುತ್ತಿ ಬಟ್ಟೆಯ ಮೂಟೆಗೆ ಹಾಕುವ ಗಂಟನ್ನೇ ಹಾಕಿದಳು, ಎಳೆದಷ್ಟೂ ಬಿಗಿಯಾಗುವ ಗಂಟು, ಅಕ್ಕನೇ ಕಲಿಸಿದ್ದು, ಶಹಬ್ಬಾಸ್ ಗುಂಡಿ, ಅಂತೂ ಗಂಟು ಹಾಕೋದು ಕಲಿತೆ, ಅಂದಳು ಅಕ್ಕ, ಮುಖ ಬಿಳಿಚಿಕೊಂಡಿದ್ದರೂ. ರಕ್ತ ನಿಲ್ಲಲಿಲ್ಲ, ಇವಳು ಇನ್ನೂ ಬಿಗಿದಳು, ನಿಲ್ಲಲಿಲ್ಲ, ಹಲ್ಲು ಕಚ್ಚಿ ಇನ್ನೂ ಎಳೆದಳು, ಆಂಬುಲೆನ್ಸು ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ ಆಗಿತ್ತು.

ಮಂಚ ಅಲುಗಿತು, ಏನೋ ಗುಂಯ್ ಅಂದಿತು, ತಲೆ ಕೆಳಗೆ ಹೋಗುತ್ತಿದೆ, ಕಾಲು ಮೇಲೇಳುತ್ತಿದೆ, ಹೆದರಬೇಡಿಮ್ಮ, ಮಂಚ ಸ್ವಲ್ಪ ಓರೆ ಮಾಡ್ತಿದ್ದೀವಿ, ಅಂದಳು ನರ್ಸಮ್ಮ, ಯಾಕೆ ಅಂತ ಇವಳು ಕೇಳಿದಳು, ಡಾಕ್ಟರಮ್ಮ ಸ್ಕ್ಯಾನಿನ ಪರದೆಯ ಮೇಲಿನ ಕಣ್ಣು ತೆಗೆಯದೆ, ಕಾಲು ಮೇಲಿದ್ರೆ ನರದಲ್ಲಿರೋ ರಕ್ತ ಎಲ್ಲ ಇಳಿದು ಖಾಲಿ ಆಗುತ್ತೆ ನೋಡಿ, ಆಗ ಮುಚ್ಚೋದು ಸುಲಭ — ಇಳಿದು ಖಾಲಿ ಆಗುತ್ತೆ, ಕಾಲು ಎತ್ತಿದರೆ ಇಷ್ಟೇ ಹೊತ್ತಿನಲ್ಲಿ — ಕೇಳಬೇಡ, ಸುಮ್ಮನಿರು, ಸರಿಯೋ ತಪ್ಪೋ ಗೊತ್ತಿಲ್ಲದೆಯೇ ನಾಲ್ಕು ವರ್ಷ ಹೇಗೋ ಬದುಕಿದ್ದೀಯ, ಇನ್ನು ಮೇಲೂ ಹೀಗೇ ಬದುಕು — ಆದರೆ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು, ಡಾಕ್ಟರಮ್ಮ, ಇದು ಒಡೆದು ರಕ್ತ ಬಂದರೆ? ಏನೂ ಗಾಬರಿ ಆಗಬಾರದು, ಅಂದರು ಅವರು, ಎಷ್ಟು ಸಲೀಸಾಗಿ ಅಂದರು, ಇದ್ದಲ್ಲೇ ನೆಲದ ಮೇಲೆ ಮಲಗಿ ಕಾಲು ಮೇಲೆತ್ತಬೇಕು, ರಕ್ತ ಬರೋ ಜಾಗಾನ ಒತ್ತಿ ಹಿಡಿದುಕೊಂಡರೆ ಹತ್ತು ಹದಿನೈದು ನಿಮಿಷಕ್ಕೆ ನಿಲ್ಲುತ್ತೆ, ಕೂರೋದು ನಿಲ್ಲೋದು ಮಾಡಬಾರದು, ಕಾಲು ಕೆಳಗಿದ್ದರೆ ನಲ್ಲಿ ಬಿಟ್ಟಂಗೆ ಹೋಗ್ತಾ ಇರುತ್ತೆ. ಕಟ್ಟಿದರೆ? ಮೇಲೆ ಕಟ್ಟಬಾರದಮ್ಮ, ತುಂಬ ಜನ ಅದೇ ತಪ್ಪು ಮಾಡ್ತಾರೆ, ಮೇಲಕ್ಕೆ ಹೋಗೋ ದಾರಿ ಮುಚ್ಚಿದರೆ ರಕ್ತ ಇನ್ನೂ ಜೋರಾಗಿ ಆಚೆ ಬರುತ್ತೆ, ಯಾಕೆ, ನಿಮಗೆ ಯಾವಾಗಲಾದರೂ ಹಾಗಾಗಿತ್ತಾ? ಇಲ್ಲ, ಇಲ್ಲ, ಸುಮ್ಮನೆ ಕೇಳಿದೆ.

ಸುಮ್ಮನೆ. ಕಣ್ಣಿನಿಂದ ನೀರು ಕೆಳಗೆ ಬರುತ್ತಿಲ್ಲ, ತಲೆ ತಗ್ಗಿರುವುದರಿಂದ ಹಣೆಯ ಕಡೆ ಹರಿದು ಕೂದಲೊಳಗೆ ಹೋಗುತ್ತಿದೆ, ನೋವಾಯ್ತಾಮ್ಮ, ಆಯ್ತು ಆಯ್ತು, ಇನ್ನು ಸ್ವಲ್ಪ, ನರ್ಸಮ್ಮ ಹತ್ತಿಯಲ್ಲಿ ಒರೆಸುತ್ತಾಳೆ, ಪಾಪ, ಒಳ್ಳೆಯವಳು, ಎಲ್ಲರೂ ಒಳ್ಳೆಯವರೇ, ಇವಳೂ ಆ ಮಧ್ಯಾಹ್ನ ಒಳ್ಳೆಯದನ್ನೇ ಮಾಡಲು ಹೋಗಿದ್ದು, ಈಗ ಎದ್ದು ಹೊರಗೆ ಹೋದರೆ ಭಾವ ಬೆಂಚಿನಿಂದ ಎದ್ದು ನಿಲ್ಲುತ್ತಾರೆ, ಏನಂದ್ರು ಡಾಕ್ಟ್ರು, ಅಂತ ಕೇಳುತ್ತಾರೆ, ಏನು ಹೇಳುವುದು, ಭಾವ, ನಿಮ್ಮ ಆ ಸಮಾಧಾನ ಬಿಟ್ಟುಬಿಡಿ, ಅದು ಸುಳ್ಳು ಅನ್ನುವುದೇ, ಹೇಳಿದರೆ ಆ ಮುದುಕನಿಗೆ ಮತ್ತೇನು ಉಳಿಯುತ್ತದೆ, ಹೇಳದಿದ್ದರೆ ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದುಕೊಡುವ ಅವರ ಮುಖವನ್ನು ಹೇಗೆ ನೋಡುವುದು, ಗಂಟಿನ ಮಾತು ಹೇಳಬಹುದೇನೋ, ಗೊತ್ತಿಲ್ಲದೆ ಹಾಕಿದೆ ಅನ್ನಬಹುದು, ಯಾರಾದರೂ ಹಾಕುತ್ತಿದ್ದರು, ಗಂಟನ್ನು ಭಾವ ಮನ್ನಿಸಿಯಾರು, ಆದರೆ ಇನ್ನೊಂದಿದೆ, ಅದನ್ನು ಇವಳು ಯಾರಿಗೂ, ತನಗೆ ತಾನೇ ಕೂಡ, ಇವತ್ತಿನವರೆಗೂ ಹೇಳಿಕೊಂಡಿಲ್ಲ, ಅಕ್ಕ ಕುರ್ಚಿಯಿಂದ ಜಾರಿದ್ದಳು, ತಾನಾಗಿಯೇ ಬೇಕೆಂದು ಜಾರಿದ್ದಳು, ತಲೆ ಸುತ್ತಿ ಬಿದ್ದದ್ದಲ್ಲ, ಕೈಯಲ್ಲಿ ನೆಲ ತಡವುತ್ತ, ಸ್ವಲ್ಪ ಮಲಗ್ತೀನಿ ಕಣೇ ಗುಂಡಿ, ಮಲಗಬೇಕು ಅನ್ನಿಸ್ತಿದೆ, ಅಂದಳು, ಮಲಗಬೇಡ ಅಕ್ಕಾ, ಮಲಗಿದ್ರೆ ಕಣ್ಣು ಮುಚ್ಚಿಬಿಡ್ತೀಯ, ನನ್ನಾಣೆ, ಏಳು, ಅಂತ ಇವಳು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸಿದಳು, ಅಕ್ಕ ಮತ್ತೆ ಜಾರಿದಳು, ಬಿಡೇ, ಒಂಚೂರು ನೆಲದ ಮೇಲೆ, ಇವಳು ಮತ್ತೆ ಎತ್ತಿ ಕೂರಿಸಿದಳು, ಎಲ್ಲಿತ್ತೋ ಅಷ್ಟು ಶಕ್ತಿ, ಮೂರನೆಯ ಸಲ ಅಕ್ಕ ನೆಲವನ್ನೇ ನೋಡುತ್ತ ಜಾರಿದಳು, ಒಂದು ಕೈ ಆಗಲೇ ನೆಲ ಮುಟ್ಟಿತ್ತು, ಐದೂ ಬೆರಳು ಅಗಲವಾಗಿ ನೆಲದ ಮೇಲೆ ಊರಿತ್ತು, ಇವಳು ಅದನ್ನು ಕಿತ್ತು ಎತ್ತಿದಳು — ನೆಲ ಮುಟ್ಟಿದ ಕೈ, ಎತ್ತಿದಳು — ಅಕ್ಕನ ಕೈ, ನೆಲದ ಮೇಲೆ ಊರಿದ ಐದು ಬೆರಳು —