ನಾಲ್ಕನೆಯವಳ ಜಾಗ

ನಮ್ಮ ಟಾಲ್ಬರ್ಟ್ ಕಾಲೇಜಿನಲ್ಲಿ ಹವಳದ ಬಣ್ಣ ಕಂಡಕಂಡವರೆಲ್ಲ ಹಾಕ್ಕೊಳ್ಳೋ ಹಾಗಿಲ್ಲ. ಬರೆದಿಟ್ಟ ಕಾನೂನಲ್ಲ, ಅದಕ್ಕಿಂತ ಗಟ್ಟಿ. ಬೂದು ಮತ್ತು ಹವಳ ನಮ್ಮ ಸೋದರಿ ಸಂಘದ ಬಣ್ಣಗಳು, ಓದುವಾಗ ಸೇರಿದವರು ಸಾಯೋ ತನಕ ಅಕ್ಕತಂಗಿಯರಾಗೇ ಇರೋ ಸಂಘ. ಸಂಘಕ್ಕೆ ಸೇರೋ ಆಸೆ ಇರೋ ಹುಡುಗಿಯಂತೂ, ನಾವಾಗಿ ಸೇರಿಸಿಕೊಳ್ಳೋ ತನಕ ಆ ಬಣ್ಣದ ಟೇಪು ಕೂಡ ತಲೆಗೆ ಕಟ್ಟಬಾರದು. ಕಟ್ಟಿದಳೋ, ಅವಳ ಕಥೆ ಮುಗೀತು. ಹೊರಗಿನವರು ನಗ್ತಾರೆ. ನಗಲಿ ಬಿಡಿ. ಈ ಅಲಬಾಮದಲ್ಲಿ ಕರಿಯ ಹೆಂಗಸು ಅಂಗಡಿಯಲ್ಲಿ ಟೋಪಿ ತಲೆಗಿಟ್ಟು ನೋಡೋಕೂ ಬಿಡದ ಕಾಲ ಒಂದಿತ್ತು. ಆ ಕಾಲದ ನಮ್ಮಜ್ಜಿಯರಿಗೆ ‘ಇದು ನಮ್ಮದು, ಕೇಳದೆ ಮುಟ್ಟಬೇಡಿ’ ಅನ್ನೋದಕ್ಕೆ ಇದ್ದದ್ದು ಈ ಎರಡು ಬಣ್ಣ ಮಾತ್ರ.

ನಾನು ವರ್ನೀಟಾ. ಹುಡುಗಿಯರ ಹಾಸ್ಟೆಲಿನ ವಾರ್ಡನ್ನು, ಸಂಘದ ಹಿರಿಯಳು, ಬಾಯಿ ಜೋರು ಅಂತ ಹೆಸರಾದವಳು. ಜೆರಾಲ್ಡೀನ್ ಮತ್ತು ನಾನು ಇದೇ ಕಾಲೇಜಿನಲ್ಲಿ ಓದುವಾಗ ಒಟ್ಟಿಗೆ ಸಂಘ ಸೇರಿದವರು. ಆ ವರ್ಷ ಸೇರಿದ್ದು ಏಳು ಜನ. ಎತ್ತರ ನೋಡಿ ಒಬ್ಬರ ಹಿಂದೊಬ್ಬರನ್ನ ನಿಲ್ಲಿಸ್ತಾರೆ, ಮುಂದಿನವಳ ಹೆಗಲ ಮೇಲೆ ಕೈಯಿಟ್ಟು ನಡೀಬೇಕು. ಅದಕ್ಕೇ ಅದನ್ನ ಸಾಲು ಅಂತೀವಿ. ಅವಳು ನಾಲ್ಕನೆಯವಳು, ನಾನು ಐದನೆಯವಳು. ಆ ಜಾಗ ಜನ್ಮಕ್ಕೂ ಬದಲಾಗಲ್ಲ. ಸತ್ತರೂ ಅಷ್ಟೇ, ಸತ್ತವಳ ಜಾಗ ಖಾಲಿ ಬಿಟ್ಟು ಉಳಿದವರು ನಡೀತೀವಿ.

ಈ ಮಾರ್ಚಿನಲ್ಲಿ ಜೆರಾಲ್ಡೀನ್ ಕ್ಯಾನ್ಸರಿನಿಂದ ಹೋದಳು. ಅವಳ ಮಗಳು ಜೊನೀಸ್ ಇಲ್ಲೇ ಎರಡನೇ ವರ್ಷ, ನನ್ನ ಹಾಸ್ಟೆಲಿನಲ್ಲೇ ಇದ್ದಳು. ನನ್ನನ್ನ ಚಿಕ್ಕಮ್ಮ ಅಂತಿದ್ದಳು. ಅಪ್ಪ ಯಾವತ್ತೋ ಟೆಕ್ಸಾಸಿನಲ್ಲಿ ಬೇರೆ ಸಂಸಾರ ಹೂಡಿಕೊಂಡಿದ್ದ. ಹುಡುಗಿಗೆ ಒಂದೇ ಆಸೆ, ಈ ಚಳಿಗಾಲದಲ್ಲಿ ಸಂಘಕ್ಕೆ ಸೇರಬೇಕು.

“ಅಮ್ಮ ಹೋದ ಮೇಲೆ ನನ್ನನ್ನ ‘ನಮ್ಮವಳು’ ಅನ್ನೋಕೆ ಯಾರಿದ್ದಾರೆ ಚಿಕ್ಕಮ್ಮ? ನೀವೆಲ್ಲ ಸೇರಿ ಅಂದ್ರೆ ಸಾಕು, ಇನ್ನೇನೂ ಬೇಡ ನಂಗೆ.”

“ನಿಯಮದ ಪ್ರಕಾರ ಇರು. ಬಾಯಿ ಮುಚ್ಚಿಕೊಂಡಿರು. ಉಳಿದದ್ದು ನಾನು ನೋಡ್ಕೋತೀನಿ” ಅಂದಿದ್ದೆ. ಏನು ನೋಡ್ಕೊಂಡೆನೋ, ನನ್ನ ತಲೆ!

ಅಕ್ಟೋಬರಿನಲ್ಲಿ ಹೋಮ್‌ಕಮಿಂಗ್. ಹಳಬರೆಲ್ಲ ಬರೋ ದಿನ. ಅವತ್ತು ನಮ್ಮ ಹೆಂಗಸರು ಹೇಗೆ ಬರ್ತಾರೆ ಅಂದ್ರೆ, ಮನೆ ಬಾಡಿಗೆ ಬಾಕಿಯಿದ್ದವಳೂ ರಾಣಿ ಥರ ಟೋಪಿ ಏರಿಸಿಕೊಂಡೇ ಬರ್ತಾಳೆ. ಬೆಳಗ್ಗೆ ಚಳಿಯಿತ್ತು. ಜೊನೀಸ್ ಮೆಟ್ಟಿಲಿಳಿದು ಬಂದಳು ನೋಡಿ, ನನ್ನ ಜೀವ ಬಾಯಿಗೆ ಬಂತು. ಅಮ್ಮನ ಸಂಘದ ಸ್ಯಾಟಿನ್ ಕೋಟನ್ನು ಒಳಮೈ ಹೊರಗೆ ಮಾಡಿ ತೊಟ್ಟಿದ್ದಳು.

“ಏನೇ ಇದು? ಬಿಚ್ಚು ಮೊದಲು!”

“ಅಕ್ಷರ ಎಲ್ಲ ಒಳಗಿದೆ ಚಿಕ್ಕಮ್ಮ. ಸಂಘದ ಹೆಸರು, ಅಮ್ಮನ ನಂಬರು, ಒಂದೂ ಕಾಣಲ್ಲ.”

“ಅಕ್ಷರ ಮುಚ್ಚಿ ಬಣ್ಣ ತೋರಿಸ್ತಿದ್ದೀಯಲ್ಲೇ! ಆ ಕೋಟಿನ ಹೊರಮೈ ಬರೀ ಬೂದು, ಒಳಮೈ ಪೂರ್ತಿ ಹವಳ!”

“ಒಳಪದರ ತಾನೇ, ಯಾರು ನೋಡ್ತಾರೆ?”

“ಹೊರಗೆ ತಂದ್ಮೇಲೆ ಅದೆಲ್ಲಿಯ ಒಳಪದರವೇ, ಪೆದ್ದಿ?”

ಕಣ್ಣಲ್ಲಿ ನೀರು ತುಂಬಿಕೊಂಡಳು. “ಇವತ್ತು ಅಮ್ಮನ ಸಾಲು ನಡೆಯುತ್ತೆ. ಇವತ್ತೊಂದಿನ ಮೈಮೇಲೆ ಇರಲಿ, ಪ್ಲೀಸ್” ಅಂದಳು. ನನಗೂ ಹೆತ್ತ ಕರುಳು ಇದೆ. ಮೇಲೆ ನನ್ನ ಕಪ್ಪು ಉಣ್ಣೆ ಕೋಟು ಹಾಕಿ ಗುಂಡಿ ಕುತ್ತಿಗೆವರೆಗೂ ಬಿಗಿದು ಕಳಿಸಿದೆ.

ಮಧ್ಯಾಹ್ನದ ಹೊತ್ತಿಗೆ ಬಿಸಿಲೇರಿತು. ಕಾಲೇಜಿನ ಅಂಗಳದ ತುಂಬ ಜನ, ಕರಿದ ಮೀನಿನ ವಾಸನೆ, ಬ್ಯಾಂಡಿನವರ ಡೋಲು. ನಮ್ಮ ಸಾಲು ಹೊರಟಿತು. ಮೂರನೆಯವಳ ಹಿಂದೆ ಒಂದಾಳಿನ ಜಾಗ ಖಾಲಿ. ನಾನು ಕೈ ಮುಂದೆ ಚಾಚಿ, ಗಾಳಿಯಲ್ಲೇ ಹಿಡಿದು ನಡೀತಿದ್ದೆ. ಜೆರಾಲ್ಡೀನಳ ಹೆಗಲು ಇರಬೇಕಾದಷ್ಟೇ ಎತ್ತರದಲ್ಲಿ. ಅಳಬಾರದು ಅಂತ ಹಲ್ಲು ಕಚ್ಚಿದ್ದೆ.

ಜೊನೀಸ್ ನೋಡೋಕೆ ಬಂದ ಜನರ ಮುಂದುಗಡೆಯೇ ನಿಂತಿದ್ದಳು. ಸೆಕೆಗೆ ಕಪ್ಪು ಕೋಟು ಬಿಚ್ಚಿ ತೋಳಿಗೆ ಹಾಕ್ಕೊಂಡಿದ್ದಳು. ಆ ಖಾಲಿ ಜಾಗ ಅವಳ ಮುಂದೆ ಬಂತು. ಕಪ್ಪು ಕೋಟು ಕೆಳಗೆ ಬಿತ್ತು. ಹುಡುಗಿ ಒಂದು ಹೆಜ್ಜೆ ಇಟ್ಟು ಒಳಗೆ ಬಂದುಬಿಟ್ಟಳು, ಮೈತುಂಬ ಹವಳದ ಬಣ್ಣ. ಬಂದು ನನ್ನ ಕೈಕೆಳಗೆ ನಿಂತಳು.

ಅಯ್ಯೋ ದೇವರೇ, ಅದೇ ಎತ್ತರ. ಅದೇ ಮೂಳೆ. ನನ್ನ ಕೈ ತಾನಾಗೇ ಇಳೀತು, ಆ ಹೆಗಲ ಮೇಲೆ ಕೂತಿತು. ತೆಗೀಬೇಕು ಅಂತ ಗೊತ್ತಿತ್ತು, ತೆಗೀಲಿಲ್ಲ.

“ವರ್ನೀಟಾ! ಹುಚ್ಚು ಹಿಡೀತಾ? ಆಚೆ ತಳ್ಳು ಅವಳನ್ನ!” ಅಂತ ಹಿಂದಿನಿಂದ ಆರನೆಯವಳು ಗದರಿದಳು. ಡೋಲು ನಿಂತಿತು. ಇಡೀ ಅಂಗಳ ನಮ್ಮನ್ನೇ ನೋಡ್ತಿತ್ತು. ಈಗಿನ ಹುಡುಗಿಯರ ಅಧ್ಯಕ್ಷೆ ಕ್ಯಾಮ್ರಿನ್ ಓಡಿ ಬಂದು, ಜೊನೀಸಳ ಮೊಣಕೈ ಹಿಡಿದು, “ಬಾರೇ, ಬಾ, ಇಲ್ಲಿ ನಿಲ್ಲಬಾರದು” ಅಂತ ಮೆತ್ತಗೆ ಆಚೆ ಕರ್ಕೊಂಡು ಹೋದಳು. ಒರಟಾಗಿ ಎಳೆದಿದ್ದರೆ ಎರಡು ಬೈದು ಸಮಾಧಾನ ಮಾಡ್ಕೋಬಹುದಿತ್ತು. ಆ ಅವಕಾಶವನ್ನೂ ಕೊಡಲಿಲ್ಲ.

ಸೋಮವಾರ ಸಂಜೆ ಸಭೆ. ತೀರ್ಮಾನ ಹುಡುಗಿಯರದು, ಹಿರಿಯರಿಗೆ ಓಟಿಲ್ಲ. ಬಾಯಿ ಇದೆಯಲ್ಲ, ಗಂಟಲು ಹರಿಯೋ ತನಕ ಕೂಗಾಡಿದೆ.

“ಅದು ಅವಳಮ್ಮನ ಕೋಟು ಕಣ್ರೇ! ಅಂಗಡಿಯಿಂದ ತಂದಿದ್ದಲ್ಲ, ಕದ್ದಿದ್ದಲ್ಲ!”

“ಕೋಟು ಅಮ್ಮನದು ಅಕ್ಕ. ಜಾಗ ಅವಳದಲ್ವಲ್ಲ” ಅಂದಳು ಕ್ಯಾಮ್ರಿನ್. “ಹೋದ ವರ್ಷ ಬರೀ ಹವಳದ ಉಗುರುಬಣ್ಣಕ್ಕೆ ಡೆಲ್ಫೀನ್‌ನ ಕೈಬಿಟ್ವಿ. ಹಿರಿಯರೆಲ್ಲ ಸರಿ ಅಂದ್ರಿ. ಅವಳು ಪಾಪ, ಅವರ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವಳು. ಅವಳಿಗೆ ಹೇಳಿಕೊಡೋಕೆ ಅಮ್ಮನೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಎಲ್ಲ ಗೊತ್ತಿದ್ದು ಮಾಡಿದವಳಿಗೆ ಬೇರೆ ನ್ಯಾಯ ಏನು ಹೇಳಲಿ?”

ಕ್ಯಾಮ್ರಿನ್ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಜೊನೀಸಳನ್ನ ಈ ವರ್ಷವಲ್ಲ, ಯಾವತ್ತೂ ತಗೊಳ್ಳಬಾರದು ಅಂತಾಯಿತು. ಕೋಟನ್ನು ಸಂಘಕ್ಕೆ ವಾಪಸು ತರಬೇಕು, ತರೋದು ನಾನು. ಆಗಲ್ಲ ಅನ್ನಬಹುದಿತ್ತು. ಅಂದರೆ ನನ್ನ ಬೂದು, ನನ್ನ ಹವಳ ಬಿಚ್ಚಿಟ್ಟು ಮನೆಗೆ ಹೋಗಬೇಕು. ಗಂಡ ಬಿಟ್ಟಾಗ, ಮಗ ಸತ್ತಾಗ ನನ್ನ ಬಾಗಿಲಿಗೆ ಬಂದವರು ಈ ಹೆಂಗಸರೇ. ಅವರನ್ನ ಬಿಟ್ಟರೆ ನಾನು ಯಾರ ಪೈಕಿ? ಹೂಂ ಅಂದೆ.

ಮಾರನೇ ದಿನ ಬೆಳಗ್ಗೆ ಅವಳ ರೂಮಿನ ಬಾಗಿಲು ತಟ್ಟಿದೆ. ಮಂಚದ ಮೇಲೆ ಕೂತಿದ್ದಳು, ಕೋಟು ಮೈಮೇಲೇ ಇತ್ತು. ಈಗ ಸರಿಯಾಗಿ ತೊಟ್ಟಿದ್ದಳು, ಅಕ್ಷರ ಹೊರಗೆ, ತೋಳಿನ ಮೇಲೆ ದೊಡ್ಡದಾಗಿ ನಾಲ್ಕು. ವಿಷಯ ಆಗಲೇ ಹಾಸ್ಟೆಲೆಲ್ಲ ಹಬ್ಬಿತ್ತು.

“ಕೊಡಲ್ಲ” ಅಂದಳು.

“ಮಗಾ...”

“ಕೊಡಲ್ಲ ಚಿಕ್ಕಮ್ಮ. ಅವರು ಏನಾದ್ರೂ ಅಂದ್ಕೊಳ್ಳಲಿ. ಅಮ್ಮ ಇದ್ದಿದ್ರೆ ಅವರ ಚಳಿ ಬಿಡಿಸ್ತಿದ್ಲು. ಮಗಳು ಮೊದಲು, ಸಂಘ ಆಮೇಲೆ ಅಂತಿದ್ಲು. ಅಲ್ವಾ? ನನ್ನ ಪರ ನಿಲ್ತಿದ್ಲು, ಅಲ್ವಾ ಚಿಕ್ಕಮ್ಮ?”

ಹೂಂ ಅನ್ನಬೇಕಿತ್ತು. ಒಂದು ಹೂಂ, ನನ್ನ ಗಂಟೇನು ಹೋಗ್ತಿತ್ತು? ಆದರೆ ನನ್ನ ಕಣ್ಣಿಗೆ ಕಟ್ಟಿದ್ದು ಜೆರಾಲ್ಡೀನ್. ಇದೇ ಅಂಗಳದಲ್ಲಿ, ಹೊಸಬಳೊಬ್ಬಳ ಕುತ್ತಿಗೆಯಿಂದ ಹವಳದ ಸ್ಕಾರ್ಫನ್ನ ಎಲ್ಲರೆದುರು ಎಳೆದುಕೊಂಡವಳು. ಆ ಹುಡುಗಿ ಅಳ್ತಿದ್ದರೆ ತಿರುಗಿ ನೋಡದೆ ಹೋದವಳು. ಆ ಹೊಸಬಳು ಬೇರೆ ಯಾರೂ ಅಲ್ಲ, ಜೆರಾಲ್ಡೀನಳ ಒಡಹುಟ್ಟಿದ ತಂಗಿ.

ನಾನು ಬಾಯಿ ತೆರೆಯೋದು ಕೊಂಚ ತಡವಾಯಿತು. ಜೊನೀಸ್ ನನ್ನ ಮುಖವನ್ನೇ ನೋಡ್ತಿದ್ದಳು. ದಡ್ಡಿಯಲ್ಲ ಅವಳು.

“ಹೌದಾ” ಅಂದಳು, ಮೆಲ್ಲಗೆ.

“ಇಲ್ಲ ಮಗಾ, ನಿಮ್ಮಮ್ಮ ಖಂಡಿತ...”

“ಬಿಡಿ ಮೇಡಂ.”

ಎದ್ದು ಗುಂಡಿ ಬಿಚ್ಚಿದಳು. ಕೋಟು ತೆಗೆದು, ಅಂಗಡಿಯವರ ಹಾಗೆ ನೀಟಾಗಿ ಮಡಚಿ ನನ್ನ ಕೈಗಿಟ್ಟಳು. ಆಮೇಲೆ ಕಪಾಟಿನ ಮುಂದೆ ಹೋಗಿ ನಿಂತಳು. ತುಂಬ ಹೊತ್ತು ಹಾಗೇ ನಿಂತಿದ್ದಳು, ಏನು ಹಾಕ್ಕೋಬೇಕು ಅಂತ ಗೊತ್ತಾಗದೆ.