ಲಿಫ್ಟಣ್ಣ ಮೆಟ್ಟಿಲ ಮೇಲೆ ಕಂಡದ್ದು

ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು ಸಮಾಧಾನ ಮಾಡುವುದರಲ್ಲಿ ಲಿಫ್ಟು ರಿಪೇರಿಯ ಲಿಫ್ಟಣ್ಣನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ. ನಟ್ಟು ಬಿಗಿಯುವ, ಗ್ರೀಸು ಹಚ್ಚುವ ಮೆಕ್ಯಾನಿಕ್‌ಗಳು ಬೇಕಾದಷ್ಟು ಜನ ಸಿಗುತ್ತಾರೆ. ಎರಡು ಮಹಡಿಗಳ ನಡುವೆ ನೇತಾಡುತ್ತಾ ಬಾಗಿಲು ಬಡಿಯುವವರನ್ನು ಬರೀ ಮಾತಿನಲ್ಲಿ ಕೂರಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ಇವನು ಬಾಗಿಲ ಸಂದಿಗೆ ಬಾಯಿ ಇಟ್ಟು, "ಕೂತ್ಕೊಳ್ಳಿ. ಬಾಗಿಲಿಗೆ ಕೈ ಹಾಕಬೇಡಿ. ನಾನು ಇಲ್ಲೇ ಇದೀನಿ," ಅನ್ನುತ್ತಿದ್ದ. ಒಳಗಿನವರು ಇನ್ನೂ ಗೋಳಾಡಿದರೆ, "ನಿಂತ ಲಿಫ್ಟಲ್ಲಿ ಸುಮ್ಮನೆ ಕೂತವರಿಗೆ ಏನೂ ಆಗಲ್ಲ. ಬಾಗಿಲು ಮೀಟಿ ಹಾರೋಕೆ ಹೋದವರೇ ಕಾಲು ಮುರ್ಕೊಳ್ಳೋದು," ಎಂದು ಸೇರಿಸುತ್ತಿದ್ದ. ಒಳಗಿನ ಗಲಾಟೆ ನಿಲ್ಲುತ್ತಿತ್ತು.

ಇದೇ ಮಾತು ಹೇಳಿ ಅವನು ತನ್ನ ಅಕ್ಕನನ್ನು ಷೇರುಪೇಟೆಗೆ ಹತ್ತಿಸಿದ್ದ.

ಅಕ್ಕ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು. ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲೇ ಅವಳ ಆಯಸ್ಸು ಕಳೆದಿತ್ತು. ಆ ಕೋಣೆಯ ಬಾಗಿಲನ್ನು ಯಾರು ಬೇಕಾದರೂ, ಯಾವ ಹೊತ್ತಿನಲ್ಲಿ ಬೇಕಾದರೂ ತಟ್ಟಬಹುದಿತ್ತು. ಹುಡುಗಿಯೊಬ್ಬಳಿಗೆ ಹೊಟ್ಟೆನೋವು ಬಂದರೂ ಅಲ್ಲೇ, ವಾರ್ಡನ್ನಿಗೆ ಬಿಸಿನೀರು ಬೇಕಾದರೂ ಅಲ್ಲೇ. ಈ ವರ್ಷದ ಕೊನೆಗೆ ಅವಳ ಕೆಲಸ ಮುಗಿಯುತ್ತದೆ. ಆ ಕೋಣೆ ಮುಂದಿನ ಅಡುಗೆಯವಳಿಗೆ ಹೋಗುತ್ತದೆ. ಅಕ್ಕನಿಗೆ ಬೇಕಾದದ್ದು ಸ್ವಂತದ ಎರಡು ಕೋಣೆ, ಅಷ್ಟೇ. "ನನ್ನ ಬಾಗಿಲು, ನನ್ನ ಚಿಲಕ ಕಣೋ," ಅನ್ನುತ್ತಿದ್ದಳು. "ನಾನು ತೆಗೀಬೇಕು ಅಂದ್ರೆ ತೆಗೀತೀನಿ. ಇಲ್ಲ ಅಂದ್ರೆ ತಟ್ತಾ ನಿಂತಿರಲಿ."

ಅದಕ್ಕೆಂದು ಕೂಡಿಟ್ಟಿದ್ದನ್ನೆಲ್ಲ ಅವಳು ತಮ್ಮನ ಮಾತು ನಂಬಿ ಷೇರಿಗೆ ಹಾಕಿದ್ದಳು. ಖಾತೆ ಅವಳ ಹೆಸರಿನಲ್ಲಿ, ಆ್ಯಪು ಇವನ ಫೋನಿನಲ್ಲಿ. ಅವಳದು ಬಟನ್ ಒತ್ತುವ ಹಳೆಯ ಫೋನು. ಹಾಕುವಾಗ ಒಂದೇ ಒಂದು ಷರತ್ತು ಹಾಕಿದ್ದಳು: "ನನ್ನ ಕೇಳದೆ ಮಾರಬೇಡ." ಇವನು ಅವಳ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದ. ಆಗ ಪೇಟೆ ಏರುತ್ತಿತ್ತು. ಏರುವ ಕಾಲದಲ್ಲಿ ಮಾತು ಕೊಡುವುದಕ್ಕೆ ಯಾರ ಗಂಟೇನು ಹೋಗುತ್ತದೆ?

ಆಮೇಲೆ ಹೆದರಿಕೆಯ ಕಾಲ ಬಂತು. ಎಲ್ಲೋ ದೂರದಲ್ಲಿ ಒಂದು ಬ್ಯಾಂಕು ಬಾಗಿಲು ಹಾಕಿತಂತೆ ಎಂಬ ಸುದ್ದಿ ಮೊದಲು ಬಂತು. ಬೆನ್ನಿಗೇ ಹತ್ತಿರದ ಕಾರ್ಖಾನೆಯೊಂದು ಕೆಲಸದವರನ್ನು ಮನೆಗೆ ಕಳಿಸಿತು. ಟೀ ಅಂಗಡಿಯಲ್ಲಿ ಜನ ಲೋಟ ಹಿಡಿದು ಫೋನು ನೋಡುತ್ತಾ ನಿಲ್ಲುತ್ತಿದ್ದರು, ಟೀ ಆರುತ್ತಿತ್ತು. ಪರದೆಯ ತುಂಬ ಬೆಲೆ ಇಳಿದ ಕೆಂಪು ಅಂಕಿಗಳು. ಪೇಟೆ ಬಿದ್ದದ್ದನ್ನು ಲಿಫ್ಟಣ್ಣ ದುಡ್ಡಿನಲ್ಲಿ ಎಣಿಸುವುದನ್ನು ಬಿಟ್ಟೇಬಿಟ್ಟ. ಅವನಿಗೆ ಎಲ್ಲವೂ ಅಕ್ಕನ ಮನೆಯಾಗಿಯೇ ಕಾಣುತ್ತಿತ್ತು. ಸೋಮವಾರ ಬಚ್ಚಲು ಹೋಯಿತು. ಮರುದಿನ ಅಡುಗೆಯ ಕಟ್ಟೆ. ಆ ವಾರ ಮುಗಿಯುವಷ್ಟರಲ್ಲಿ ಎರಡನೇ ಕೋಣೆಯ ಗೋಡೆ ಅರ್ಧಕ್ಕೆ ನಿಂತಿತ್ತು. ತಟ್ಟೆಯ ಅನ್ನವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದ. ಹೆಂಡತಿ ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದ. ಅಕ್ಕನ ಫೋನು ಬಂದರೆ ಮಾತ್ರ ಗಂಟಲು ಸರಿಮಾಡಿಕೊಂಡು, "ಏನೂ ಆಗಲ್ಲಕ್ಕಾ, ಕೂತಿರು," ಅನ್ನುತ್ತಿದ್ದ.

"ಕೂತೇ ಇದೀನಿ ಕಣೋ," ಅನ್ನುತ್ತಿದ್ದಳು ಅವಳು. "ನೀನು ಸರಿಯಾಗಿ ಊಟ ಮಾಡ್ತಿದೀಯಾ?"

ಅವನ ದುರದೃಷ್ಟಕ್ಕೆ, ಅವನು ನೋಡಿಕೊಳ್ಳುವ ಕಟ್ಟಡಗಳಲ್ಲೊಂದರ ಆರನೇ ಮಹಡಿಯಲ್ಲಿ ಷೇರು ಕೊಂಡು ಮಾರುವ ಒಂದು ಕಂಪನಿ ಇತ್ತು. ಪೇಟೆಯ ಒಳಗುಟ್ಟು ಇವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂಬುದು ಲಿಫ್ಟಣ್ಣನ ನಂಬಿಕೆ. ಕೆಲಸವಿಲ್ಲದಿದ್ದರೂ ಲಿಫ್ಟಿನೊಳಗೆ ಬಟನ್ ಪರೀಕ್ಷೆ ಮಾಡುವವನ ಹಾಗೆ ನಿಂತು ಅವರ ಮಾತು ಕೇಳತೊಡಗಿದ. ಅವರೋ ಮಂಡಿನೋವಿನ ಬಗ್ಗೆ, ಮಕ್ಕಳ ಪರೀಕ್ಷೆಯ ಬಗ್ಗೆ ಮಾತಾಡುತ್ತಿದ್ದರು. ಪೇಟೆಯ ಸುದ್ದಿಯೇ ಇಲ್ಲ. ಅದರಿಂದ ಸಮಾಧಾನವಾಗುವ ಬದಲು ಅವನ ಹೆದರಿಕೆ ಹೆಚ್ಚಿತು. ಇಷ್ಟು ದೊಡ್ಡ ಬೆಂಕಿ ಬಿದ್ದಿರುವಾಗ ಮಂಡಿನೋವಿನ ಮಾತಾಡುತ್ತಾರೆಂದರೆ ಏನೋ ಮುಚ್ಚಿಡುತ್ತಿರಬೇಕು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಆ ದಿನ ಎರಡೂ ಲಿಫ್ಟುಗಳ ಬ್ರೇಕು ನೋಡುವುದಿತ್ತು. ಒಂದನ್ನು ನಿಲ್ಲಿಸಿ ನೋಡಿ, ಓಡಿಸಿ, ಆಮೇಲೆ ಇನ್ನೊಂದನ್ನು ನಿಲ್ಲಿಸುವುದು ಅವನ ಪದ್ಧತಿ. ಜನರಿಗೆ ತೊಂದರೆಯಾಗಬಾರದು ನೋಡಿ. ಆದರೆ ಆವತ್ತು ಅವನಿಗೆ ಕೆಲಸ ಬೇಗ ಮುಗಿಸಿ ಫೋನು ನೋಡುತ್ತಾ ಕೂರುವ ಆತುರ. ಕೆಳಗೆ ಎರಡು ಬಾಗಿಲಿಗೂ ಬೋರ್ಡು ನೇತುಹಾಕಿ, ಮಾಳಿಗೆಯಲ್ಲಿ ಮೋಟಾರಿರುವ ಮೆಷಿನ್ ರೂಮಿಗೆ ಹೋಗಿ ಎರಡೂ ಸ್ವಿಚ್ಚು ಒಟ್ಟಿಗೆ ಕೆಳಗೆಳೆದ. ಕೈ ಮಾಡಿದ್ದು ತಲೆಗೆ ಗೊತ್ತಿರಲಿಲ್ಲ. ತಲೆ ಆಗಲೇ ಪರದೆಯೊಳಗಿತ್ತು.

ಮೆಷಿನ್ ರೂಮಿನಲ್ಲಿ ಸಿಗ್ನಲ್ ಸಿಗುವುದಿಲ್ಲ. ಸ್ವಲ್ಪ ಹೊತ್ತು ತಡೆದ. ತಡೆಯಲಾಗದೆ, ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮೆಟ್ಟಿಲಿಳಿದು ಬಂದು ಐದನೇ ಮಹಡಿಯ ತಿರುವಿನಲ್ಲಿ ಕಿಟಕಿಗೆ ಒರಗಿ ಫೋನು ತೆರೆದ. ಪೇಟೆ ಬೆಳಗ್ಗೆಯಿಂದ ಮತ್ತೆ ಬಿದ್ದಿತ್ತು. ಅಕ್ಕನ ಎರಡನೇ ಕೋಣೆ ಪೂರ್ತಿ ಹೋಗಿ, ಉಳಿದ ಕೋಣೆಯ ಕಿಟಕಿಗೂ ಕೈ ಹಾಕಿತ್ತು.

ಆಗ ಮೇಲಿನಿಂದ ಹೆಜ್ಜೆಗಳ ಸದ್ದು ಕೇಳಿತು. ಒಬ್ಬರದಲ್ಲ, ಬಹಳ ಜನರದು.

ಮುಂದೆ ಇದ್ದವರು ಆರನೇ ಮಹಡಿಯ ದೊಡ್ಡ ಸಾಹೇಬರು. ಆ ಮನುಷ್ಯ ಮೆಟ್ಟಿಲು ತುಳಿದದ್ದನ್ನು ಲಿಫ್ಟಣ್ಣ ಎಂದೂ ನೋಡಿರಲಿಲ್ಲ. ಮುಖದಲ್ಲಿ ರಕ್ತವಿಲ್ಲ, ಹಣೆಯಿಂದ ಬೆವರು ಸುರಿಯುತ್ತಿದೆ, ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಗೋಡೆ ಹಿಡಿದು ಇಳಿಯುತ್ತಿದ್ದಾರೆ. ಅವರ ಹಿಂದೆ ಒಬ್ಬ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ. ಅವಳ ಹಿಂದೆ ಇಡೀ ಆಫೀಸು. ಯಾರ ಬಾಯಲ್ಲೂ ಮಾತಿಲ್ಲ, ಬರೀ ಏದುಸಿರು. ದೊಡ್ಡ ಸಾಹೇಬರು ಹಾಯುವಾಗ ಒಮ್ಮೆ ಇವನ ಮುಖ ನೋಡಿದರು. ಏನೋ ಹೇಳಬೇಕೆಂದು ಬಾಯಿ ತೆರೆದು, ತಲೆಯಾಡಿಸಿ ಕಣ್ಣು ತಿರುಗಿಸಿಕೊಂಡು ಇಳಿದುಹೋದರು.

ಲಿಫ್ಟಣ್ಣನಿಗೆ ಗೊತ್ತಾಗಿಹೋಯಿತು. ಮುಗಿಯಿತು. ಒಳಗಿನವರೇ ಗಂಟುಮೂಟೆ ಕಟ್ಟಿಕೊಂಡು ಓಡುತ್ತಿದ್ದಾರೆ. ಪೆಟ್ಟಿಗೆಯಲ್ಲಿ ಮೇಜಿನ ಮೇಲಿದ್ದ ಅವರ ಸಾಮಾನು. ಆ ನೋಟ, ಇವನನ್ನು ನೋಡಿ ಪಾಪ ಅನಿಸಿ ಕಣ್ಣು ತಪ್ಪಿಸಿದ ನೋಟ. ಮೆಟ್ಟಿಲ ಮೇಲೆ ಕೂತುಬಿಟ್ಟ.

ಅಕ್ಕನಿಗೆ ಫೋನು ಮಾಡಿದ. ಹಾಸ್ಟೆಲಿನಲ್ಲಿ ಅದು ಊಟ ಬಡಿಸುವ ಹೊತ್ತು. ರಿಂಗಾಯಿತು, ಎತ್ತಲಿಲ್ಲ. ಇನ್ನೊಂದು ಸಲ ಮಾಡಬಹುದಿತ್ತು. ಕೆಳಗೆ ಹೆಜ್ಜೆಗಳು ದೂರವಾಗುತ್ತಿದ್ದವು, ಎಲ್ಲರೂ ದಾಟಿಹೋಗಿ ತಾನೊಬ್ಬನೇ ಮುಳುಗುವ ದೋಣಿಯಲ್ಲಿ ಉಳಿದಂತೆ ಅವನಿಗೆ ಅನಿಸಿತು. ಅಕ್ಕನ ಷೇರುಗಳೆಲ್ಲವನ್ನೂ ಸಿಕ್ಕಿದ ಬೆಲೆಗೆ ಮಾರಿಬಿಟ್ಟ. ಪರದೆಯ ಮೇಲೆ ಎಣ್ಣೆಯ ಬೆರಳಚ್ಚು ಉಳಿಯಿತು.

ಮಾರಿದ ಕೂಡಲೇ ಎಷ್ಟು ಹಗುರವಾಯಿತೆಂದರೆ ಅಳು ಬಂತು. ಒಂದು ಕೋಣೆಯಾದರೂ ಉಳಿಯಿತು, ಕಿಟಕಿಯಿಲ್ಲದಿದ್ದರೇನು ಎಂದುಕೊಳ್ಳುತ್ತಾ ನೆಲಮಹಡಿಗೆ ಇಳಿದ. ಲಿಫ್ಟಿನ ಎರಡು ಬಾಗಿಲ ಮೇಲೂ ಬೋರ್ಡುಗಳು ತೂಗುತ್ತಿದ್ದವು: "ದುರಸ್ತಿಯಲ್ಲಿದೆ. ದಯವಿಟ್ಟು ಮೆಟ್ಟಿಲು ಬಳಸಿ." ಅಕ್ಷರ ಅವನದೇ.

ಅವನು ಅದನ್ನು ಓದಿದ. ಮತ್ತೆ ಓದಿದ.

"ಏನಣ್ಣಾ, ಎರಡನ್ನೂ ಒಟ್ಟಿಗೇ ನಿಲ್ಲಿಸಿಬಿಟ್ಯಲ್ಲ," ಎಂದ ಬಾಗಿಲಲ್ಲಿ ಕೂತಿದ್ದ ವಾಚ್‌ಮನ್, ನಗುತ್ತಾ. "ಆರನೇ ಮಹಡಿಯ ಟೈಪಿಸ್ಟಮ್ಮನಿಗೆ ಇವತ್ತು ಕೊನೇ ದಿನ. ಎಲ್ಲ ಸೇರಿ ಎದುರು ಹೋಟೆಲಿಗೆ ಊಟಕ್ಕೆ ಹೊರಟ್ರು. ಪಾಪ, ದೊಡ್ಡ ಸಾಹೇಬರು ಕೇಕಿನ ಪೆಟ್ಟಿಗೆ ಹೊತ್ಕೊಂಡು ಅಷ್ಟೂ ಮಹಡಿ ಇಳಿದ್ರು, ಕೆಳಗೆ ಬಂದು ಉಸಿರು ಬಂದ ಮೇಲೆ ನಿನಗೆ ಸಹಸ್ರನಾಮ. ಹುಷಾರಾಗಿರು."

ಲಿಫ್ಟಣ್ಣ ಫೋನು ತೆಗೆದು ನೋಡಿದ, ಮಾರಾಟ ಮುಗಿದುಹೋಗಿತ್ತು. ಹೆದರಿದವರ ಮೇಲೆ ಕಪ್ಪೆ ಎಸೆದಂತೆ ಅನ್ನುತ್ತಾರೆ. ಇಲ್ಲಿ ಕಪ್ಪೆ ಎಸೆದವನೂ ಅವನೇ, ಹಾವೆಂದು ಓಡಿದವನೂ ಅವನೇ.

ಅದೇ ಗಳಿಗೆಯಲ್ಲಿ ಮತ್ತೆ ಕೊಂಡುಬಿಟ್ಟಿದ್ದರೆ ಕತೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಒಮ್ಮೆ ಹಾರಿದವನಿಗೆ ಮತ್ತೆ ಹತ್ತುವ ಧೈರ್ಯ ಎಲ್ಲಿಂದ ಬರಬೇಕು? ಈಗ ಕೊಂಡು ನಾಳೆ ಬಿದ್ದರೆ? ಮರುದಿನ ಪೇಟೆ ಇನ್ನೂ ಸ್ವಲ್ಪ ಇಳಿಯಿತು. ನೋಡಿದೆಯಾ, ನಾನು ಮಾಡಿದ್ದೇ ಸರಿ ಎಂದುಕೊಂಡ. ಇನ್ನಷ್ಟು ಬೀಳಲಿ, ಪಾತಾಳಕ್ಕೆ ಹೋಗಲಿ, ಆಗ ಕೊಂಡರೆ ಅಕ್ಕನಿಗೆ ಗೊತ್ತೇ ಆಗುವುದಿಲ್ಲ. ಇಷ್ಟು ದಿನ ಯಾವುದಕ್ಕೆ ಹೆದರಿ ನಡುಗಿದ್ದನೋ, ಈಗ ಅದೇ ಆಗಲಿ ಎಂದು ಬೇಡಿಕೊಳ್ಳುತ್ತಿದ್ದ. ಇನ್ನೊಂದು ಕಾರ್ಖಾನೆ ಮುಚ್ಚಿದ ಸುದ್ದಿ ಓದಿ ಒಳಗೊಳಗೇ ಖುಷಿಪಟ್ಟ. ಆ ಖುಷಿ ಕಂಡು ಅವನಿಗೆ ತನ್ನ ಬಗ್ಗೆಯೇ ಭಯವಾಯಿತು.

ಪೇಟೆ ಬೀಳಲಿಲ್ಲ. ಮೆಲ್ಲಗೆ ಏಳತೊಡಗಿತು. ಅಕ್ಕನ ಫೋನು ಬಂದರೆ, "ಮೇಲಿದೀನಕ್ಕಾ, ಕೈಯಲ್ಲಿ ಕೆಲಸ," ಎಂದು ಇಟ್ಟುಬಿಡುತ್ತಿದ್ದ.

ಒಂದು ಮಧ್ಯಾಹ್ನ ಅವಳೇ ಕಟ್ಟಡ ಹುಡುಕಿಕೊಂಡು ಬಂದಳು, ಕೈಯಲ್ಲಿ ಊಟದ ಕ್ಯಾರಿಯರು. ವಾಚ್‌ಮನ್ ಅವಳನ್ನು ಲಿಫ್ಟಿನಲ್ಲಿ ಮೇಲಕ್ಕೆ ಕಳಿಸಿದ. ಮೆಷಿನ್ ರೂಮಿನ ಹೊಸ್ತಿಲ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, ನಗುತ್ತಾ ಹೇಳಿದಳು, "ನಮ್ಮ ಜೊತೆಯವಳು ನಿನಗೆ ಪುಣ್ಯ ಬರಲಿ ಅಂದಳು ಕಣೋ."

"ಯಾವ ಜೊತೆಯವಳು?"

"ನನ್ನ ಜೊತೆ ಅಡುಗೆ ಮಾಡೋಳು. ಅವಳೂ ಷೇರಿಗೆ ಹಾಕಿದ್ಳಲ್ಲ, ನನ್ನ ನೋಡಿ. ಆವತ್ತು ಅಳ್ತಾ ಕೂತಿದ್ಳು, ಮಾರಿಬಿಡ್ತೀನಿ ಅಂತ. ನಾನು ನಿನ್ನ ಮಾತೇ ಹೇಳ್ದೆ. ನಿಂತ ಲಿಫ್ಟಿಂದ ಹಾರಬಾರದಮ್ಮ, ನನ್ನ ತಮ್ಮ ಹೇಳ್ತಾನೆ, ಅವನಿಗೆ ಗೊತ್ತು ಅಂದೆ. ಕೂತ್ಳು. ಈಗ ಅವಳದು ಮುಕ್ಕಾಲು ವಾಪಸ್ ಬಂದಿದೆಯಂತೆ." ಕ್ಯಾರಿಯರಿನ ಮುಚ್ಚಳ ತೆಗೆದು ಅವನ ಮುಂದಿಟ್ಟಳು. "ನಮ್ಮದೂ ಹಾಗೇ ಬಂದಿರಬೇಕಲ್ವಾ?"

ಲಿಫ್ಟಣ್ಣ ಅನ್ನ ನೋಡುತ್ತಾ ಕೂತ. ಸುಳ್ಳು ಹೇಳಲು ಬಾಯಿ ತೆರೆದ. ಬಂದದ್ದು ಸುಳ್ಳಲ್ಲ.

"ಮಾರಿಬಿಟ್ಟೆ ಅಕ್ಕಾ."

ಮೆಟ್ಟಿಲು, ಕೇಕು, ತನ್ನದೇ ಬೋರ್ಡು, ಎಲ್ಲವನ್ನೂ ಹೇಳಿದ. ಆಮೇಲೂ ಕೊಳ್ಳದೆ ಕೂತದ್ದನ್ನು ಹೇಳಿದ. ಎರಡು ಕೋಣೆಯಲ್ಲಿ ಒಂದು ಹೋಯಿತು ಎಂದ. ಬೇರೆಯವರಾಗಿದ್ದರೆ ಕೇಕಿನ ಮಾತಿಗೆ ನಗುತ್ತಿದ್ದರೇನೋ, ಅಕ್ಕ ನಗಲಿಲ್ಲ. ಕ್ಯಾರಿಯರಿನ ಮುಚ್ಚಳವನ್ನು ಮೆಲ್ಲಗೆ ತಿರುಗಿಸುತ್ತಾ ಕೂತಳು. ಲಿಫ್ಟಿನ ಮೋಟಾರು ಗುರ್ ಎಂದು ಓಡಿ ನಿಂತಿತು.

"ನೀನು ಹಾರಿದ್ದಕ್ಕೆ ನನಗೆ ಬೇಜಾರಿಲ್ಲ," ಎಂದಳು ಕೊನೆಗೆ. "ಹೆದರಿಕೆ ಯಾರಿಗಿಲ್ಲ. ಆದರೆ ನನ್ನನ್ನೂ ಹೊತ್ಕೊಂಡು ಹಾರಿದೆಯಲ್ಲೋ. ಒಂದು ಮಾತು ಹೇಳಬಾರದಿತ್ತಾ."

"ಫೋನ್ ಮಾಡಿದೆ. ನೀನು ಎತ್ತಲಿಲ್ಲ."

"ನೀನು ಒಂದೇ ಸಲ ಮಾಡಿದೆ. ಬಡಿಸಿ ಬಂದ ಮೇಲೆ ನೋಡ್ದೆ. ನಾನು ವಾಪಸ್ ಮಾಡ್ದಾಗ ಕೈಯಲ್ಲಿ ಕೆಲಸ ಅಂತ ಇಟ್ಟುಬಿಟ್ಟೆ." ಅವಳು ಮುಚ್ಚಳ ಕೆಳಗಿಟ್ಟಳು. "ನನಗೆ ಹೆದರಿಕೆ ಇರಲಿಲ್ಲ ಅಂದ್ಕೊಂಡ್ಯಾ? ದಿನಾ ಒಲೆ ಮುಂದೆ ನಿಂತು ನಡುಗ್ತಿದ್ದೆ. ಕೇಳಿದ್ರೆ ಎಲ್ಲಿ ನೀನು ಹೆದರ್ತೀಯೋ ಅಂತ ಊಟ ಆಯ್ತಾ ಅಂತ ಕೇಳಿ ಸುಮ್ಮನಾಗ್ತಿದ್ದೆ."

ಅವಳು ಕಣ್ಣೊರೆಸಿಕೊಂಡು ಅವನ ಜೇಬಿನಿಂದ ತಾನೇ ಫೋನು ಎಳೆದಳು.

"ವಾಪಸ್ ಹಾಕು. ಎಲ್ಲಿ ಒತ್ತಬೇಕು?"

"ಈಗ ಬೇಡಕ್ಕಾ. ಏರಿಬಿಟ್ಟಿದೆ. ಹಾಕಿದ ಮೇಲೆ ನಾಳೆ ಬಿದ್ರೆ?"

"ಎಲ್ಲಿ ಒತ್ತಬೇಕು ಹೇಳೋ."

ಮೇಲೆ ಸಿಗ್ನಲ್ ಇಲ್ಲವಾದ್ದರಿಂದ ಕ್ಯಾರಿಯರು ಎತ್ತಿಕೊಂಡು ಇಬ್ಬರೂ ಐದನೇ ಮಹಡಿಯ ಕಿಟಕಿಯ ಬಳಿಗೆ ಇಳಿದು ಬಂದ ಮೇಲೆ ಅವನು ತೋರಿಸಿದ. ಅವಳು ಒತ್ತಿದಳು. ಫೋನು ಅಲುಗಲಿಲ್ಲ. ಬಿಸಿ ಪಾತ್ರೆ ಹಿಡಿದು ಹಿಡಿದು ಅವಳ ಬೆರಳ ತುದಿ ಚರ್ಮ ದಪ್ಪಗಟ್ಟಿ ನುಣ್ಣಗಾಗಿತ್ತು, ಪರದೆಗೆ ಅದು ಬೆರಳೆಂದೇ ಗೊತ್ತಾಗಲಿಲ್ಲ. ಇನ್ನೊಂದು ಬೆರಳು ಒತ್ತಿ ನೋಡಿ, ಫೋನನ್ನು ಅವನ ಕೈಗೆ ತುರುಕಿದಳು.

"ನನ್ನ ಕೈಗೆ ಬಗ್ಗಲ್ಲ ಇದು. ನೀನೇ ಒತ್ತು."

ಅವನ ಹೆಬ್ಬೆರಳು ಪರದೆಯ ಮೇಲೆ ನಡುಗುತ್ತಾ ನಿಂತಿತು, ಕೆಳಗಿಳಿಯಲಿಲ್ಲ. ಅಕ್ಕ ಅವನ ಮುಂಗೈ ಹಿಡಿದುಕೊಂಡಳು. ಅವಳ ಕೈಯೂ ನಡುಗುತ್ತಿತ್ತು. ಅದನ್ನು ಅವಳು ಮುಚ್ಚಿಡಲಿಲ್ಲ.

"ಒಂದೇ ಕೋಣೆ ಬರುತ್ತೋ, ಒಂದೂವರೆ ಬರುತ್ತೋ, ಬಾಗಿಲು ಒಂದಿದ್ರೆ ಸಾಕು ನನಗೆ," ಎಂದಳು. "ನಾಳೆ ಬಿದ್ರೆ ಬೀಳಲಿ. ಹೆದರಬೇಡ ಅನ್ನಲ್ಲ ನಾನು. ಹೆದರು, ಆದರೆ ನನಗೆ ಹೇಳಿ ಹೆದರು."

ಅವನು ಒತ್ತಿದ. ಇಬ್ಬರೂ ಪರದೆ ನೋಡುತ್ತಾ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಒಂದು ಅಂಕಿ ಕೆಂಪಾಯಿತು.

"ಹೆದರಿಕೆ ಆಗ್ತಿದೆ ಅಕ್ಕಾ," ಎಂದ.

"ನನಗೂ," ಎಂದಳು ಅಕ್ಕ. "ಅನ್ನ ಆರ್ತಿದೆ, ಉಣ್ಣು."